ಮಳೆನೀರಿನ ಡ್ರಮ್: ಎಷ್ಟು ದೊಡ್ಡದಿರಬೇಕು, ಎಲ್ಲಿಡಬೇಕು, ತುಂಬಿದ ಮೇಲೆ ನೀರು ಎಲ್ಲಿಗೆ ಹೋಗಬೇಕು?

ಹಿತ್ತಲ ಹೊಸಬ:

ಮನೆಯ ಹಿಂದಿನ ಕೈತೋಟಕ್ಕೆ ಈ ವರ್ಷದಿಂದ ಚಾವಣಿಯ ಮಳೆನೀರನ್ನೇ ಹಿಡಿದು ಹಾಕಬೇಕೆಂದು ನಿಶ್ಚಯಿಸಿದ್ದೇನೆ. ಹಿಂಬದಿಯ ಇಳಿಜಾರು ಚಾವಣಿ ಸುಮಾರು 6 ಮೀಟರ್ ಉದ್ದ, 4 ಮೀಟರ್ ಅಗಲವಿದ್ದು, ಅದರ ನೀರೆಲ್ಲ ಸೂರಿನ ದೋಣಿಗೆ ಬಿದ್ದು ಒಂದೇ ಪೈಪಿನಲ್ಲಿ ಕೆಳಗಿಳಿಯುತ್ತದೆ. ತೋಟವೆಂದರೆ 9 ಚದರ ಮೀಟರ್ ತರಕಾರಿ ಪಾತಿ ಮತ್ತು 20 ಕುಂಡಗಳು. ಸಾಧಾರಣ 200 ಲೀಟರಿನ ನೀಲಿ ಡ್ರಮ್ ಇಡಲೋ, ಕಬ್ಬಿಣದ ಪಂಜರದೊಳಗೆ ಕೂತಿರುವ 1000 ಲೀಟರಿನ ಚೌಕ ಟ್ಯಾಂಕ್ ತರಲೋ ಎಂಬ ಗೊಂದಲದಲ್ಲಿದ್ದೇನೆ. ನೀರಿನ ವಿಷಯದಲ್ಲಿ ದೊಡ್ಡದೇ ಒಳ್ಳೆಯದು ಎಂದು ನನ್ನ ಮನಸ್ಸು ಹೇಳುತ್ತಿದೆ. ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಲೆಕ್ಕದ ಮೇಷ್ಟ್ರು:

ಹೊಸಬರೇ, ಗಾತ್ರದ ಪ್ರಶ್ನೆಯನ್ನು ಸ್ವಲ್ಪ ಹಿಂದಕ್ಕೆ ತಳ್ಳಿ, ಚಾವಣಿ ಎಷ್ಟು ಕೊಡುತ್ತದೆ ಮತ್ತು ತೋಟ ಎಷ್ಟು ಕುಡಿಯುತ್ತದೆ ಎಂಬ ಎರಡು ಲೆಕ್ಕಗಳನ್ನು ಮೊದಲು ಮುಗಿಸೋಣ. ಒಂದು ಚದರ ಮೀಟರ್ ಜಾಗದಲ್ಲಿ 1 ಮಿಲಿಮೀಟರ್ ಮಳೆ ಬಿದ್ದರೆ ಅದು 1 ಲೀಟರ್ ನೀರು. ಈ ಒಂದು ಸಂಗತಿ ನೆನಪಿದ್ದರೆ ಉಳಿದದ್ದೆಲ್ಲ ಬಾಯಿಲೆಕ್ಕ. ಚಾವಣಿ ಇಳಿಜಾರಾಗಿದ್ದರೂ ಅಳೆಯಬೇಕಾದದ್ದು ಹಂಚಿನ ಮೈಯನ್ನಲ್ಲ, ಅದು ನೆಲದ ಮೇಲೆ ಎಷ್ಟು ಜಾಗವನ್ನು ಮುಚ್ಚುತ್ತದೆಯೋ ಅದನ್ನು. ನೀವು ಕೊಟ್ಟಿರುವ ಅಳತೆ ಆ ಬಗೆಯದೇ ಆಗಿದ್ದರೆ ನಿಮ್ಮದು 24 ಚದರ ಮೀಟರ್. ಹಂಚು ಹೀರಿಕೊಳ್ಳುವುದು, ದೋಣಿಯಿಂದ ಸಿಡಿಯುವುದು, ಆವಿಯಾಗುವುದು ಎಲ್ಲ ಸೇರಿ ಐದರಲ್ಲೊಂದು ಪಾಲು ಕಳೆದರೂ 10 ಮಿ.ಮೀ. ಮಳೆಗೆ ಸುಮಾರು 190 ಲೀಟರ್ ಕೈಗೆ ಸಿಗುತ್ತದೆ. ಎಂದರೆ, ಒಂದು ಹದವಾದ ಮಳೆಗೇ ನಿಮ್ಮ ನೀಲಿ ಡ್ರಮ್ ತುಂಬಿಬಿಡುತ್ತದೆ.

ಇನ್ನು ಖರ್ಚಿನ ಕಡೆ. ಬಿಸಿಲಿನ ದಿನದಲ್ಲಿ ತರಕಾರಿ ಪಾತಿಗೆ ಚದರ ಮೀಟರಿಗೆ 4 ಲೀಟರಿನಂತೆ 36 ಲೀಟರ್, ಕುಂಡಕ್ಕೆ ತಲಾ ಒಂದರಂತೆ 20 ಲೀಟರ್, ಒಟ್ಟು 56 ಲೀಟರ್ ಎಂದಿಟ್ಟುಕೊಳ್ಳಿ. ಒಂದು ಡ್ರಮ್ ಮೂರೂವರೆ ದಿನಕ್ಕೆ ಬರಿದಾಗುತ್ತದೆ. 1000 ಲೀಟರ್ ಹದಿನೇಳು ಹದಿನೆಂಟು ದಿನ ಬರುತ್ತದೆ. ಆದರೆ ಮಳೆಯೇ ಇಲ್ಲದ ನಾಲ್ಕು ತಿಂಗಳನ್ನು ದಾಟಿಸಲು ನಿಮಗೆ ಬೇಕಾದದ್ದು 6,700 ಲೀಟರಿಗೂ ಹೆಚ್ಚು. ಆದ್ದರಿಂದ ಡ್ರಮ್ಮಿನ ಕೆಲಸ ಬೇಸಿಗೆಯನ್ನು ಕಳೆಯುವುದಲ್ಲ, ಒಂದು ಮಳೆಯಿಂದ ಮುಂದಿನ ಮಳೆಯವರೆಗಿನ ಅಂತರವನ್ನು ತುಂಬುವುದು. ಆ ಅಂತರ ನಿಮ್ಮಲ್ಲಿ ಸಾಮಾನ್ಯವಾಗಿ ಎಷ್ಟು ದಿನ ಎಂದು ಹೇಳಿದರೆ ಗಾತ್ರ ತಾನಾಗಿಯೇ ತೀರ್ಮಾನವಾಗುತ್ತದೆ.

ಹಿತ್ತಲ ಹೊಸಬ:

ಮೇಷ್ಟ್ರೇ, ಮಳೆಗಾಲದ ಶುರುವಿನಲ್ಲಿಯೂ ಕೊನೆಯಲ್ಲಿಯೂ ಆರೇಳು ದಿನ, ಒಮ್ಮೊಮ್ಮೆ ಹತ್ತು ದಿನ ಬಿಡುವು ಕೊಡುತ್ತದೆ. ನಡುವಿನ ತಿಂಗಳುಗಳಲ್ಲಿ ನೀರು ಹಾಕುವ ಪ್ರಸಂಗವೇ ಬರುವುದಿಲ್ಲ.

ಲೆಕ್ಕದ ಮೇಷ್ಟ್ರು:

ಹಾಗಾದರೆ ನಿಮಗೆ 400ರಿಂದ 600 ಲೀಟರ್ ಸಾಕು. ಮೂರು ಡ್ರಮ್ ತುಂಬಲು 31 ಮಿ.ಮೀ. ಮಳೆ ಬೇಕು, ಸಾವಿರ ಲೀಟರಿನ ಟ್ಯಾಂಕಿಗೆ 52 ಮಿ.ಮೀ. ಬೇಕು. ಶುರುವಿನ ಚದುರು ಮಳೆಗಳಲ್ಲಿ ಆ ಟ್ಯಾಂಕು ಅರ್ಧಂಬರ್ಧ ತುಂಬಿ ನಿಂತಿರುವ ದಿನಗಳೇ ಹೆಚ್ಚಾಗುತ್ತವೆ. ಪಾತಿಗೆ ಒಣಹುಲ್ಲೋ ತರಗೆಲೆಯೋ ಹೊದಿಸಿದರೆ ಎರಡೇ ಡ್ರಮ್ಮಿನಲ್ಲಿ ನಿಭಾಯಿಸಬಹುದು ಎಂಬುದು ನನ್ನ ಅಭಿಪ್ರಾಯ.

ಮಣ್ಣು ಮೆತ್ತಿದ ಕೈ:

ಲೆಕ್ಕ ಸರಿಯಾಗಿದೆ, ಆದರೆ ಲೆಕ್ಕದೊಳಗೆ ಬಾರದ ಒಂದು ಸಂಗತಿಯಿದೆ. ಒಂದೇ ಮಳೆಗೆ ಡ್ರಮ್ ತುಂಬುತ್ತದೆ ಎಂದು ಮೇಷ್ಟ್ರು ಹೇಳಿದರಲ್ಲ, ತುಂಬಿದ ಮೇಲೆ ಬರುವ ನೀರು ಎಲ್ಲಿಗೆ ಹೋಗಬೇಕು ಎಂಬುದನ್ನು ಡ್ರಮ್ ತರುವ ಮುನ್ನವೇ ಯೋಚಿಸಬೇಕು. ನಾನು ಯೋಚಿಸಲಿಲ್ಲ, ಅದರ ಫಲವನ್ನೂ ಉಂಡೆ.

ನನ್ನ ಮೊದಲ ಡ್ರಮ್ಮನ್ನು ನಾಲ್ಕು ಸಾಲು ಬಿಡಿ ಇಟ್ಟಿಗೆಗಳ ಮೇಲೆ, ಗಾರೆ ಹಾಕದೆ, ಹಾಗೇ ಜೋಡಿಸಿ ಇಟ್ಟಿದ್ದೆ. ತುಂಬಿ ಹೊರಬರುವ ನೀರಿಗೆಂದು ಮೇಲ್ಗಡೆ ಬೆರಳು ತೂರುವಷ್ಟು ಒಂದು ತೂತು ಕೊರೆದು, ಅರ್ಧ ಇಂಚಿನ ಪೈಪು ಸಿಕ್ಕಿಸಿ ಪಾತಿಯ ಕಡೆಗೆ ಬಿಟ್ಟಿದ್ದೆ. ಒಂದು ರಾತ್ರಿ ಜೋರು ಮಳೆ ಬಂತು. ಆ ಸಪೂರ ಪೈಪಿಗೆ ನೀರಿನ ರಭಸ ತಡೆಯಲಾಗದೆ, ಡ್ರಮ್ಮಿನ ಬಾಯಿಯಿಂದಲೇ ಉಕ್ಕಿ, ಅದರ ಮೈಮೇಲೆ ಇಳಿದು ನೇರವಾಗಿ ಇಟ್ಟಿಗೆಯ ಬುಡಕ್ಕೆ ಸುರಿದಿದೆ. ಬೆಳಗ್ಗೆ ಎದ್ದು ನೋಡಿದರೆ ಒಂದು ಬದಿಯ ಮಣ್ಣು ಕುಸಿದು, ಇಟ್ಟಿಗೆಗಳು ಬಾಯಿ ಬಿಟ್ಟು, ಇನ್ನೂರು ಕಿಲೋ ತೂಕದ ಡ್ರಮ್ ಬದನೆ ಸಸಿಗಳ ಮೇಲೆ ಮಕಾಡೆ ಮಲಗಿತ್ತು. ನಲ್ಲಿ ಬುಡಸಮೇತ ಮುರಿದಿತ್ತು. ಅಲ್ಲಿ ಆಗ ಯಾರೂ ನಿಂತಿರಲಿಲ್ಲ ಎಂಬುದೊಂದೇ ಸಮಾಧಾನ.

ಅಂದಿನಿಂದ ನಾನು ಪಾಲಿಸುತ್ತಿರುವುದು ಇಷ್ಟು. ನೀರು ಒಳಬರುವ ಪೈಪು ಎಷ್ಟು ದಪ್ಪವೋ ಹೊರಹೋಗುವ ಪೈಪೂ ಅಷ್ಟೇ ದಪ್ಪವಿರಬೇಕು. ಆ ನೀರು ಡ್ರಮ್ಮಿನ ಬುಡದಿಂದಲೂ ಮನೆಯ ಅಡಿಪಾಯದಿಂದಲೂ ಕನಿಷ್ಠ ಎರಡು ಮೂರು ಮೀಟರ್ ದೂರಕ್ಕೆ, ಇಳಿಜಾರಿನ ಕಡೆಗೆ ಹೋಗಬೇಕು. ಅಲ್ಲೊಂದು ಬಾಳೆಬುಡವೋ ಇಂಗುಗುಂಡಿಯೋ ಇದ್ದರೆ ನೀರು ವ್ಯರ್ಥವಾಗುವುದಿಲ್ಲ. ಕಟ್ಟೆಯನ್ನು ಮಣ್ಣು ಗಟ್ಟಿಯಾಗಿ ಕುಟ್ಟಿ, ಚಪ್ಪಡಿಯ ಮೇಲೆ ಗಾರೆ ಹಾಕಿ ಕಟ್ಟಬೇಕು, ಮತ್ತು ಮಟ್ಟಗೋಲಿಟ್ಟು ನೋಡಬೇಕು. ಖಾಲಿ ಡ್ರಮ್ ನೆಟ್ಟಗೆ ನಿಂತಿತು ಎಂದ ಮಾತ್ರಕ್ಕೆ ತುಂಬಿದ ಡ್ರಮ್ ನಿಲ್ಲುತ್ತದೆ ಎಂದು ನಂಬಬೇಡಿ.

ಲೆಕ್ಕದ ಮೇಷ್ಟ್ರು:

ಇದು ನಿಜಕ್ಕೂ ನನ್ನ ಲೆಕ್ಕದಲ್ಲಿ ಬಿಟ್ಟುಹೋದ ಪಾಲು. ಗಂಟೆಗೆ 60 ಮಿ.ಮೀ. ರಭಸದಲ್ಲಿ ಮಳೆ ಸುರಿಯುತ್ತಿರುವಾಗ 24 ಚದರ ಮೀಟರ್ ಚಾವಣಿಯಿಂದ ನಿಮಿಷಕ್ಕೆ 20 ಲೀಟರಿಗೂ ಹೆಚ್ಚು ನೀರು ಇಳಿಯುತ್ತದೆ. ಅರ್ಧ ಇಂಚಿನ ಪೈಪು, ಅದೂ ನೀರಿನ ಒತ್ತಡವೇ ಇಲ್ಲದ ಬಾಯಿಯ ಮಟ್ಟದಲ್ಲಿ, ಅದರ ಕಾಲುಭಾಗವನ್ನು ಸಾಗಿಸಿದರೆ ಹೆಚ್ಚು.

ನಲ್ಲಿ ರಿಪೇರಿ:

ಡ್ರಮ್ ಆರಿಸುವವರಿಗೆ ಎರಡು ಮಾತು, ನಲ್ಲಿ ಕೂರಿಸುವವರಿಗೆ ಸ್ವಲ್ಪ ಹೆಚ್ಚು ಮಾತು.

ಹಳೆಯ ಡ್ರಮ್ ಕೊಳ್ಳುವುದಾದರೆ ಅದರಲ್ಲಿ ಮೊದಲು ಏನಿತ್ತು ಎಂಬುದು ಖಚಿತವಾಗಿ ಗೊತ್ತಿರಬೇಕು. ತಿನ್ನುವ ಪದಾರ್ಥ ತುಂಬಿದ್ದ ಡ್ರಮ್ಮನ್ನು ತೊಳೆದು ಬಳಸಬಹುದು. ಕೀಟನಾಶಕ, ಆಸಿಡ್, ಎಂಜಿನ್ ಎಣ್ಣೆ, ದ್ರಾವಕ ತುಂಬಿದ್ದದ್ದು ಎಷ್ಟು ತೊಳೆದರೂ ತೋಟಕ್ಕೆ ಬೇಡ. ವಾಸನೆ ಹೋಯಿತೆಂದರೆ ವಿಷ ಹೋಯಿತೆಂದು ಅರ್ಥವಲ್ಲ. ತಳದಲ್ಲಿ ತ್ರಿಕೋನದೊಳಗೆ 2 ಎಂಬ ಅಂಕಿ ಇದ್ದರೆ ಅದು ಎಚ್‌ಡಿಪಿಇ ಪ್ಲಾಸ್ಟಿಕ್, ಈ ಕೆಲಸಕ್ಕೆ ಒಗ್ಗುವಂಥದ್ದು. ಬೆಳಕು ತೂರುವ ಬಿಳಿ ಡ್ರಮ್ಮಿನಲ್ಲಿ ಕೆಲವೇ ವಾರಗಳಲ್ಲಿ ಪಾಚಿ ಕಟ್ಟುತ್ತದೆ. ಪಂಜರದ ಟ್ಯಾಂಕಿನದೂ ಇದೇ ಪಾಡು. ಅದಕ್ಕೆ ಗಾಢ ಬಣ್ಣ ಬಳಿಯಬೇಕು ಇಲ್ಲವೇ ಕಪ್ಪು ಹೊದಿಕೆ ಹೊದಿಸಬೇಕು.

ಮುಚ್ಚಳ ಪೂರ್ತಿ ತೆರೆಯುವ ಡ್ರಮ್ ಸಿಕ್ಕಿದರೆ ಅದನ್ನೇ ಆರಿಸಿ, ಏಕೆಂದರೆ ಕೈ ಒಳಗೆ ಹೋಗುತ್ತದೆ. ಮೇಲೆ ಎರಡು ಸಣ್ಣ ಬಿರಡೆಗಳಷ್ಟೇ ಇರುವ ಡ್ರಮ್ಮಿಗೆ ನಲ್ಲಿ ಕೂರಿಸುವುದು ತಾಳ್ಮೆಯ ಕೆಲಸ. ನಲ್ಲಿಗೆಂದು ಕೊರೆದ ತೂತಿನಿಂದ ಒಂದು ತಂತಿಯನ್ನು ಒಳಗೆ ತೂರಿಸಿ, ಅದರ ತುದಿಯನ್ನು ಮೇಲಿನ ಬಿರಡೆಯ ಬಾಯಿಂದ ಹೊರಗೆಳೆದು, ಟ್ಯಾಂಕ್ ನಿಪ್ಪಲ್ಲಿಗೆ (ನಲ್ಲಿಯನ್ನು ಡ್ರಮ್ಮಿನ ಗೋಡೆಗೆ ಕೂರಿಸುವ ತಿರುಪಿನ ತುಂಡು ಪೈಪು) ರಬ್ಬರ್ ವಾಷರ್ ತೊಡಿಸಿ, ಎರಡನ್ನೂ ಆ ತಂತಿಗೆ ಪೋಣಿಸಿ ಜಾರಿಬಿಡಬೇಕು. ಅದು ಸದ್ದು ಮಾಡುತ್ತ ಇಳಿದು ತೂತಿನ ಬಳಿ ಬಂದಾಗ ಹೊರಗಿನಿಂದ ತಂತಿಯನ್ನು ಜಗ್ಗಿದರೆ ನಿಪ್ಪಲ್ಲಿನ ಮರೆ (ತಿರುಪಿನ ಸುತ್ತು) ಹೊರಕ್ಕೆ ಇಣುಕುತ್ತದೆ. ಅದನ್ನು ಹಿಡಿದುಕೊಂಡೇ ಇನ್ನೊಂದು ವಾಷರ್ ಮತ್ತು ನಟ್ ಹಾಕಬೇಕು. ಮೊದಲ ಸಲ ನನಗೆ ಒಂದು ಮಧ್ಯಾಹ್ನವಿಡೀ ಹಿಡಿದಿತ್ತು.

ತೂತಿನ ಅಂಚಿನಲ್ಲಿ ಉಳಿಯುವ ಪ್ಲಾಸ್ಟಿಕ್ ಎಳೆಗಳನ್ನು ಬ್ಲೇಡಿನಿಂದ ಕೆರೆದು ತೆಗೆಯದಿದ್ದರೆ ವಾಷರ್ ಸರಿಯಾಗಿ ಕೂರದೆ ಹನಿ ಜಿನುಗುತ್ತಲೇ ಇರುತ್ತದೆ. ಟೆಫ್ಲಾನ್ ಟೇಪನ್ನು ನಲ್ಲಿಯ ಮರೆಗೆ ಮಾತ್ರ ಸುತ್ತಬೇಕು, ವಾಷರಿನ ಮುಖಕ್ಕಲ್ಲ. ನಟ್ಟನ್ನು ಕೈಯಲ್ಲಿ ಬಿಗಿದು, ಸ್ಪ್ಯಾನರಿನಲ್ಲಿ ಇನ್ನು ಕಾಲು ಸುತ್ತು ಸಾಕು; ಅತಿಯಾಗಿ ಬಿಗಿದರೆ ರಬ್ಬರ್ ಹಿಸುಕಿ ಹೊರಬರುತ್ತದೆ.

ನಲ್ಲಿಯನ್ನು ತಳದಿಂದ ಒಂದಿಷ್ಟು ಮೇಲೆ ಇಡುವುದು ವಾಡಿಕೆ, ತಳದಲ್ಲಿ ಗಸಿ ಕೂರುತ್ತದಲ್ಲ. ಆದರೆ 58 ಸೆಂ.ಮೀ. ವ್ಯಾಸದ ಡ್ರಮ್ಮಿನಲ್ಲಿ ಪ್ರತಿ 10 ಸೆಂ.ಮೀ. ಎತ್ತರಕ್ಕೂ ಸುಮಾರು 26 ಲೀಟರ್ ನೀರಿರುತ್ತದೆ ಎಂಬುದನ್ನು ಮರೆಯಬೇಡಿ. ನಲ್ಲಿ 10 ಸೆಂ.ಮೀ. ಮೇಲಿದ್ದರೆ ಅಷ್ಟು ನೀರು ಎಂದೂ ಕೈಗೆ ಬಾರದು. ನಾನು 5 ಸೆಂ.ಮೀ. ಎತ್ತರದಲ್ಲಿಟ್ಟು, ವರ್ಷಕ್ಕೊಮ್ಮೆ ಡ್ರಮ್ ಬಗ್ಗಿಸಿ ಗಸಿ ತೆಗೆಯುತ್ತೇನೆ. ನಲ್ಲಿ ಮುಕ್ಕಾಲು ಇಂಚಿನದಿರಲಿ. ಅರ್ಧ ಇಂಚಿನ ನಲ್ಲಿಯ ಕೆಳಗೆ ಕ್ಯಾನ್ ತುಂಬುವುದನ್ನು ಕಾಯುತ್ತ ನಿಂತವರಿಗೆ ಕಾರಣ ಹೇಳಬೇಕಿಲ್ಲ.

ಇನ್ನೊಂದು. ಡ್ರಮ್ಮಿಗೆ ಗಾಳಿ ಬರುವ ದಾರಿ ಇರಲಿ. ಎಲ್ಲ ಬಾಯಿಗಳನ್ನೂ ಬಿಗಿದು ಮುಚ್ಚಿದರೆ ನಲ್ಲಿ ಸ್ವಲ್ಪ ಹೊತ್ತು ಸುರಿದು, ಗೊಳಗೊಳ ಎಂದು, ನಿಂತುಬಿಡುತ್ತದೆ. ನಲ್ಲಿ ಕಟ್ಟಿಕೊಂಡಿದೆ ಎಂದು ಬಿಚ್ಚಿ ನೋಡಲು ನನ್ನನ್ನು ಕರೆಸಿದವರೂ ಇದ್ದಾರೆ.

ತಾರಸಿ ತೋಟ:

ನನ್ನ ಕುಂಡಗಳೆಲ್ಲ ತಾರಸಿಯ ಮೇಲಿವೆ. ಮೇಲಿನ ಕೋಣೆಯ ಚಾವಣಿಯ ನೀರನ್ನು ಹಿಡಿಯಲು ತಾರಸಿಯಲ್ಲೇ ಒಂದು ಡ್ರಮ್ ಇಡಬಹುದೇ?

ಲೆಕ್ಕದ ಮೇಷ್ಟ್ರು:

ತುಂಬಿದ ಡ್ರಮ್ಮಿನ ಭಾರವನ್ನು ಅದರ ತಳದ ವಿಸ್ತಾರಕ್ಕೆ ಹಂಚಿದರೆ ಚದರ ಮೀಟರಿಗೆ ಸುಮಾರು 800 ಕಿಲೋ ಲೆಕ್ಕ ಬರುತ್ತದೆ. ಜನ ಓಡಾಡುವ ತಾರಸಿಯನ್ನು ಸಾಮಾನ್ಯವಾಗಿ ಇದರ ಕಾಲುಭಾಗದಷ್ಟು ಹರಡಿದ ಭಾರಕ್ಕೆ ವಿನ್ಯಾಸಗೊಳಿಸಿರುತ್ತಾರೆ. ಒಂದೇ ಡ್ರಮ್ಮಿನಿಂದ ಚಪ್ಪಡಿ ಕುಸಿಯುತ್ತದೆಂದು ಇದರ ಅರ್ಥವಲ್ಲ, ಏಕೆಂದರೆ ಆ ಭಾರ ಚಿಕ್ಕ ಜಾಗದಲ್ಲಿದೆ. ಆದರೂ ಅದನ್ನು ನಡುವೆ ಇಡದೆ, ಕೆಳಗೆ ತೊಲೆಯೋ ಭಾರ ಹೊರುವ ಗೋಡೆಯೋ ಇರುವ ಅಂಚಿನಲ್ಲಿ ಇಡಬೇಕು. ಮೂರು ನಾಲ್ಕು ಡ್ರಮ್ಮುಗಳನ್ನು ಸಾಲಾಗಿಡುವ ಆಲೋಚನೆಯಿದ್ದರೆ, ಅಥವಾ ಬಾಲ್ಕನಿಯಲ್ಲಿಡುವ ಯೋಚನೆಯಿದ್ದರೆ, ಎಂಜಿನಿಯರನ್ನು ಕೇಳದೆ ಕೈ ಹಾಕಬೇಡಿ.

ಸೊಳ್ಳೆಗೆ ಹೆದರಿದವಳು:

ಯಾರೂ ಈ ಮಾತೆತ್ತಲಿಲ್ಲವಾದ್ದರಿಂದ ನಾನೇ ಎತ್ತುತ್ತೇನೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಮನೆಯ ಪಕ್ಕದ ತೆರೆದ ಡ್ರಮ್ಮಿಗಿಂತ ಇಷ್ಟವಾದ ಜಾಗ ಬೇರೆ ಇಲ್ಲ. ಬೆಚ್ಚನೆಯ ಹವೆಯಲ್ಲಿ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಅದಕ್ಕೆ ಏಳರಿಂದ ಹತ್ತು ದಿನ ಸಾಕು, ಎಂದರೆ ನೀವು ಲೆಕ್ಕ ಹಾಕಿರುವ ಎರಡು ಮಳೆಗಳ ನಡುವಿನ ಬಿಡುವೇ ಅದರ ಪೂರ್ತಿ ಬಾಲ್ಯ. ಅದು ಮೊಟ್ಟೆಯಿಡುವುದು ನೀರಿನಲ್ಲಲ್ಲ, ನೀರಿನ ಮಟ್ಟಕ್ಕಿಂತ ತುಸು ಮೇಲೆ ಒದ್ದೆಯಾಗಿರುವ ಗೋಡೆಯ ಮೇಲೆ. ಆ ಮೊಟ್ಟೆಗಳು ಒಣಗಿಯೂ ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ಮತ್ತೆ ನೀರು ತಾಗಿದಾಗ ಒಡೆಯುತ್ತವೆ. ಆದ್ದರಿಂದ ನೀರು ಚೆಲ್ಲಿ ಡ್ರಮ್ ಬರಿದು ಮಾಡಿದೆ ಎಂದು ನಿಶ್ಚಿಂತರಾಗುವಂತಿಲ್ಲ. ಒಳಗೋಡೆಯನ್ನು ಗಡುಸು ಬ್ರಷ್ಷಿನಲ್ಲಿ ಉಜ್ಜಲೇಬೇಕು.

ನೀರು ಒಳಬರುವ ಬಾಯಿ, ಹೊರಹೋಗುವ ಪೈಪಿನ ತುದಿ, ಗಾಳಿಯ ತೂತು, ಈ ಮೂರಕ್ಕೂ 1 ಮಿ.ಮೀ.ಗಿಂತ ಸಣ್ಣ ಕಣ್ಣಿನ ಬಲೆ ಬಿಗಿಯಿರಿ. ಹೆಚ್ಚಿನವರು ಮೊದಲನೆಯದನ್ನು ಮುಚ್ಚಿ ಉಳಿದೆರಡನ್ನು ಮರೆಯುತ್ತಾರೆ. ಮುಚ್ಚಳದ ಮೇಲಿನ ತಗ್ಗಿನಲ್ಲಿ ನಿಲ್ಲುವ ಒಂದು ಲೋಟ ನೀರೂ ಸೊಳ್ಳೆಗೆ ಸಾಕಾದೀತು. ಹೇಗೂ ಮರಿಹುಳು ಕಂಡವೆಂದಾದರೆ ಬಿಟಿಐ ಎಂಬ ಬ್ಯಾಕ್ಟೀರಿಯದ ಬಿಲ್ಲೆ ಹಾಕಬಹುದು. ಅದು ಸೊಳ್ಳೆಯ ಮರಿಗಳನ್ನು ಕೊಲ್ಲುತ್ತದೆ, ಗಿಡಗಳಿಗೆ ತೊಂದರೆಯಿಲ್ಲ. ಅಂದಹಾಗೆ, ಮುಚ್ಚಳ ಬಿಗಿಯಾಗಿರುವುದು ಸೊಳ್ಳೆಗಾಗಿ ಮಾತ್ರವಲ್ಲ, ಸಣ್ಣ ಮಕ್ಕಳಿರುವ ಮನೆಯಲ್ಲಿ ತೆರೆದ ಡ್ರಮ್ ಇರಲೇಬಾರದು.

ಮಣ್ಣು ಮೆತ್ತಿದ ಕೈ:

ನಾನು ಗಪ್ಪಿ ಮೀನು ಬಿಟ್ಟಿದ್ದೇನೆ, ನಾಲ್ಕು ವರ್ಷದಿಂದ ಸೊಳ್ಳೆಯ ಸುಳಿವಿಲ್ಲ.

ಸೊಳ್ಳೆಗೆ ಹೆದರಿದವಳು:

ದಿನವೂ ತೆಗೆದು ಬಳಸುವ, ವಾರಕ್ಕೊಮ್ಮೆ ತಳ ಕಾಣುವ ಡ್ರಮ್ಮಿನಲ್ಲಿ ಮೀನು ಬದುಕುವುದಾದರೂ ಹೇಗೆ? ನಿಮ್ಮ ಡ್ರಮ್ ಯಾವಾಗಲೂ ಅರ್ಧ ತುಂಬಿರುತ್ತದೆ ಎಂದು ತೋರುತ್ತದೆ. ಇನ್ನು, ತುಂಬಿ ಹರಿಯುವ ನೀರು ಹಳ್ಳಕ್ಕೋ ಕೆರೆಗೋ ಸೇರುವಂತಿದ್ದರೆ ಹೊರಗಿನ ಮೀನನ್ನು ಬಿಡದಿರುವುದೇ ಲೇಸು.

ಸೊಪ್ಪಿನ ಮಡಿ:

ಮೊದಲ ಮಳೆಯ ನೀರನ್ನು ಹೊರಗೆ ಬಿಡಬೇಕು ಎಂದು ಎಲ್ಲರೂ ಹೇಳುತ್ತಾರೆ. ಕುಡಿಯುವ ನೀರಾದರೆ ಒಪ್ಪುತ್ತೇನೆ. ತೋಟಕ್ಕೆ ಅದೆಲ್ಲ ಏಕೆ? ಹಕ್ಕಿಯ ಹಿಕ್ಕೆ ಗಿಡಕ್ಕೆ ಗೊಬ್ಬರವೇ ಅಲ್ಲವೇ?

ನಲ್ಲಿ ರಿಪೇರಿ:

ಹಿಕ್ಕೆ ಗೊಬ್ಬರ ನಿಜ, ಆದರೆ ಅದರ ಜೊತೆಗೆ ಕರುಳಿನ ರೋಗಾಣುಗಳೂ ಬರುತ್ತವೆ. ಅವನ್ನು ಹಸಿಯಾಗಿ ತಿನ್ನುವ ಸೊಪ್ಪಿನ ಎಲೆಯ ಮೇಲೆ ಚಿಮುಕಿಸುವುದು ಬುದ್ಧಿವಂತಿಕೆಯಲ್ಲ. ನನ್ನ ಆಕ್ಷೇಪಕ್ಕೆ ಇನ್ನೂ ದೊಡ್ಡ ಕಾರಣ ಬೇರೆಯಿದೆ. ಒಣ ತಿಂಗಳುಗಳ ಧೂಳು, ತರಗೆಲೆ, ಪಾಚಿಯ ಪುಡಿ ಎಲ್ಲವೂ ಒಟ್ಟಿಗೆ ಡ್ರಮ್ಮಿಗೆ ಬಂದರೆ ತಳದಲ್ಲಿ ಕೊಳೆತು, ಗಾಳಿಯಾಡದೆ, ಮೊಟ್ಟೆ ಕೆಟ್ಟ ವಾಸನೆ ಹೊಡೆಯುತ್ತದೆ. ಚಾವಣಿಯ ಪ್ರತಿ ಚದರ ಮೀಟರಿಗೆ ಅರ್ಧದಿಂದ ಒಂದು ಲೀಟರಿನಂತೆ ಮೊದಲ ನೀರನ್ನು ಬಿಟ್ಟುಬಿಡುವುದು ರೂಢಿ. ಹೊಸಬರ ಚಾವಣಿಗೆ ಅದು 12ರಿಂದ 24 ಲೀಟರ್. ಇಳಿಪೈಪಿಗೆ ಕವಲು ಕೂಡಿಸಿ, ನಾಲ್ಕು ಇಂಚಿನ ಪೈಪನ್ನು ಎರಡು ಮೀಟರ್ ಉದ್ದಕ್ಕೆ ನೆಟ್ಟಗೆ ಇಳಿಬಿಟ್ಟು ತಳ ಮುಚ್ಚಿದರೆ ಸುಮಾರು 17 ಲೀಟರ್ ಹಿಡಿಯುತ್ತದೆ. ಅದು ತುಂಬಿದ ಮೇಲೆ ನೀರು ತಾನಾಗಿ ಡ್ರಮ್ಮಿನ ಕಡೆ ತಿರುಗುತ್ತದೆ. ತಳದ ಮುಚ್ಚಳದಲ್ಲಿ ಸೂಜಿಯಂಥ ತೂತಿದ್ದರೆ ಮುಂದಿನ ಮಳೆಗೆ ಪೈಪು ತಾನೇ ಬರಿದಾಗಿರುತ್ತದೆ.

ಸೊಪ್ಪಿನ ಮಡಿ:

ವಾಸನೆಯ ಮಾತನ್ನು ಒಪ್ಪಿದೆ, ನನ್ನ ಡ್ರಮ್ಮಿನದೂ ಅದೇ ಕಥೆ. ಅಷ್ಟೆಲ್ಲ ಪೈಪು ಜೋಡಿಸುವ ಬದಲು ವರ್ಷದ ಮೊದಲೆರಡು ಮಳೆಗಳಲ್ಲಿ ಡ್ರಮ್ಮಿಗೆ ಹೋಗುವ ಪೈಪನ್ನು ಬದಿಗೆ ತಿರುಗಿಸಿಟ್ಟರೆ ಸಾಲದೇ?

ನಲ್ಲಿ ರಿಪೇರಿ:

ತೋಟಕ್ಕಾದರೆ ಸಾಕು. ಬಹಳ ದಿನಗಳ ಬಿಡುವಿನ ನಂತರ ಬರುವ ಮಳೆಗೂ ಹಾಗೆಯೇ ಮಾಡಿ. ಚಾವಣಿ ಯಾವುದರದು ಎಂಬುದು ಇದಕ್ಕಿಂತ ಮುಖ್ಯ. ಹಂಚು ಮತ್ತು ಗಾರೆ ಚಾವಣಿಗೆ ಚಿಂತೆಯಿಲ್ಲ. ಸತು ಲೇಪಿಸಿದ ತಗಡಿನಿಂದ ಸ್ವಲ್ಪ ಸತು ನೀರಿಗಿಳಿಯುತ್ತದೆ. ಪುಡಿಯಾಗುತ್ತಿರುವ ಹಳೆಯ ಕಲ್ನಾರು ಶೀಟು, ಸೀಸದ ಪಟ್ಟಿ ಅಥವಾ ಸೀಸದ ಬಣ್ಣವಿರುವ ಹಳೆಯ ಚಾವಣಿಗಳ ನೀರನ್ನು ಹೂಗಿಡಕ್ಕೆ ಹಾಕಿರಿ, ತಿನ್ನುವ ಗಿಡಕ್ಕೆ ಬೇಡ. ಯಾವ ಚಾವಣಿಯದಾದರೂ ನೀರನ್ನು ಎಲೆಯ ಮೇಲೆ ಸುರಿಯದೆ ಬುಡಕ್ಕೆ ಹಾಕಿ, ಕೊಯ್ದದ್ದನ್ನು ಕುಡಿಯುವ ನೀರಿನಲ್ಲಿ ತೊಳೆದರೆ ಆಯಿತು.

ತಾರಸಿ ತೋಟ:

ಡ್ರಮ್ಮಿಗೆ ಹನಿ ನೀರಾವರಿಯ ಪೈಪು ಜೋಡಿಸಿ ನೋಡಿದೆ. ಹತ್ತಿರದ ನಾಲ್ಕು ಕುಂಡಗಳಿಗೆ ಹನಿಯುತ್ತದೆ, ಆಮೇಲಿನವು ಒಣಗಿಯೇ ಇರುತ್ತವೆ.

ಲೆಕ್ಕದ ಮೇಷ್ಟ್ರು:

ಒಂದು ಮೀಟರ್ ಎತ್ತರದ ನೀರು ಕೊಡುವ ಒತ್ತಡ 0.1 ಬಾರ್. ಒತ್ತಡ ಸರಿದೂಗಿಸುವ ಬಗೆಯ ಡ್ರಿಪ್ಪರುಗಳು (ಹನಿ ಬಿಡುವ ಮೂತಿಗಳು) ಅದರ ಐದರಿಂದ ಹತ್ತು ಪಟ್ಟು ಕೇಳುತ್ತವೆ. ಅಂಥವನ್ನು ಕಿತ್ತು, ಕಡಿಮೆ ಒತ್ತಡದಲ್ಲಿ ಹನಿಸುವ ಸಾದಾ ಡ್ರಿಪ್ಪರ್ ಹಾಕಿ, ಮುಖ್ಯ ಪೈಪನ್ನು ದಪ್ಪಗೂ ಗಿಡ್ಡಗೂ ಇಡಿ, ಡ್ರಮ್ಮನ್ನು ಎತ್ತರಿಸುವುದಕ್ಕಿಂತ ಅದರಿಂದ ಹೆಚ್ಚು ಲಾಭ. ಹದಿನೇಳನೆಯ ಶತಮಾನದ ಇಟಲಿಯ ವಿಜ್ಞಾನಿ ಟೊರಿಚೆಲ್ಲಿ ತೋರಿಸಿದಂತೆ, ನಲ್ಲಿಯ ಮೇಲಿನ ನೀರಿನ ಎತ್ತರ ಕಾಲುಭಾಗಕ್ಕೆ ಇಳಿದರೂ ಹರಿವಿನ ವೇಗ ಅರ್ಧಕ್ಕೆ ಮಾತ್ರ ಇಳಿಯುತ್ತದೆ. ಆದ್ದರಿಂದ ಡ್ರಮ್ ತಗ್ಗಿದಂತೆ ಸಮಯ ದುಪ್ಪಟ್ಟು ಕೊಟ್ಟರೆ ಲೆಕ್ಕ ಸರಿಹೋಗುತ್ತದೆ.

ಹಿತ್ತಲ ಹೊಸಬ:

ಎಲ್ಲರ ಮಾತು ಕೇಳಿ ಕೆಲಸ ಮುಗಿಸಿ ಈಗ ಐದು ವಾರವಾಯಿತು. ಹೇಗಾಯಿತೆಂದು ಬರೆಯುವುದು ನನ್ನ ಕರ್ತವ್ಯ.

ಸಾವಿರ ಲೀಟರಿನ ಟ್ಯಾಂಕನ್ನು ಕೈಬಿಟ್ಟು, ಮುಚ್ಚಳ ತೆರೆಯುವ ಎರಡು ಡ್ರಮ್ ತಂದೆ. ಗಾರೆ ಹಾಕಿ 50 ಸೆಂ.ಮೀ. ಎತ್ತರದ ಕಟ್ಟೆ ಕಟ್ಟಿಸಿದೆ, ಹತ್ತು ಲೀಟರಿನ ಕ್ಯಾನ್ ನಲ್ಲಿಯ ಕೆಳಗೆ ಆರಾಮವಾಗಿ ಕೂರುತ್ತದೆ. ಎರಡು ಡ್ರಮ್ಮುಗಳನ್ನು ತಳದಲ್ಲಿ ಜೋಡಿಸಬೇಕೋ ಮೇಲೆ ಜೋಡಿಸಬೇಕೋ ಎಂದು ಬಹಳ ತಲೆ ಕೆಡಿಸಿಕೊಂಡೆ. ತಳದಲ್ಲಿ ಜೋಡಿಸಿದರೆ ಎರಡರ ನೀರೂ ಒಂದೇ ಮಟ್ಟದಲ್ಲಿರುತ್ತದೆ, ಒಂದೇ ನಲ್ಲಿ ಸಾಕು. ಆದರೆ ಒಂದು ವಾಷರ್ ಸೋರಿದರೂ ಎರಡೂ ಬರಿದಾಗುತ್ತವೆ. ಮೇಲೆ ಜೋಡಿಸಿದರೆ ಮೊದಲನೆಯದು ತುಂಬಿದ ಮೇಲೆಯೇ ಎರಡನೆಯದಕ್ಕೆ ನೀರು. ನಾನು ಮೇಲೆಯೇ ಜೋಡಿಸಿ, ಎರಡಕ್ಕೂ ಬೇರೆ ಬೇರೆ ನಲ್ಲಿ ಇಟ್ಟೆ. ಇದರಿಂದ ನಾನು ಎಣಿಸದ ಒಂದು ಅನುಕೂಲವಾಯಿತು: ದೂಳೂ ಗಸಿಯೂ ಮೊದಲ ಡ್ರಮ್ಮಿನಲ್ಲೇ ತಂಗಿ, ಎರಡನೆಯದರ ನೀರು ತಿಳಿಯಾಗಿರುತ್ತದೆ. ಅದನ್ನು ಸಸಿಮಡಿಗೆ ಮೀಸಲಿಟ್ಟಿದ್ದೇನೆ. ಬೋರ್‌ವೆಲ್ ನೀರು ಹಾಕುತ್ತಿದ್ದಾಗ ಎಲೆಗಳ ಮೇಲೆ ಕೂರುತ್ತಿದ್ದ ಬಿಳಿ ಸುಣ್ಣದ ಕಲೆ ಹೊಸ ಎಲೆಗಳಲ್ಲಿ ಕಾಣುತ್ತಿಲ್ಲ.

ಎರಡನೆಯ ಡ್ರಮ್ಮಿನಿಂದ ಹೊರಟ ನಾಲ್ಕು ಇಂಚಿನ ಪೈಪನ್ನು ಮೂರು ಮೀಟರ್ ಆಚೆಯ ಬಾಳೆಬುಡಕ್ಕೆ ಒಯ್ದಿದ್ದೇನೆ. ಕಳೆದ ವಾರದ ದೊಡ್ಡ ಮಳೆಯಲ್ಲಿ ಕೊಡೆ ಹಿಡಿದು ಹೋಗಿ ನೋಡಿದೆ. ಪೈಪಿನಲ್ಲಿ ನೀರು ಸರಾಗವಾಗಿ ಹರಿದು ಹೋಗುತ್ತಿತ್ತು, ಕಟ್ಟೆಯ ಬುಡದ ಮಣ್ಣು ಮಾತ್ರ ಒಣಗಿತ್ತು. ಸೊಳ್ಳೆಯ ವಿಷಯದಲ್ಲಿ ಎರಡನೆಯ ಬಾಯಿಯನ್ನು ನಾನೂ ಮರೆತಿದ್ದೆ. ಬಾಳೆಬುಡದ ಪೈಪಿನ ತುದಿಗೆ ನಿನ್ನೆಯಷ್ಟೇ ಬಲೆ ಕಟ್ಟಿದೆ.

ಒಂದು ಸಣ್ಣ ಸಂದೇಹ ಉಳಿದಿದೆ. ಬಲೆಗೆ ತರಗೆಲೆ ಸಿಕ್ಕಿಕೊಂಡು ನೀರಿಗೆ ಅಡ್ಡ ನಿಲ್ಲುವುದಿಲ್ಲವೇ?

ಮಣ್ಣು ಮೆತ್ತಿದ ಕೈ:

ನಿಲ್ಲುತ್ತದೆ. ಅದಕ್ಕೇ ಸೂರಿನ ದೋಣಿಯಲ್ಲೇ, ಇಳಿಪೈಪಿನ ಬಾಯಿಗೆ, ದೊಡ್ಡ ಕಣ್ಣಿನ ಜಾಲರಿಯೊಂದನ್ನು ಗುಮ್ಮಟದಂತೆ ಮಡಿಸಿ ಕೂರಿಸಿ. ಎಲೆ ಅಲ್ಲೇ ನಿಲ್ಲುತ್ತದೆ, ಗಾಳಿಗೆ ಒಣಗಿ ಹಾರುತ್ತದೆ. ಕೆಳಗಿನ ಬಲೆಯನ್ನು ದಾರದಲ್ಲಿ ಕಟ್ಟದೆ ಕ್ಲಿಪ್ ಹಾಕಿ, ಮಳೆಯಲ್ಲಿ ನೆನೆಯುತ್ತ ಗಂಟು ಬಿಚ್ಚುವ ಕಷ್ಟ ತಪ್ಪುತ್ತದೆ.